ಕೊಳಲೂ ಊದುಗೊಳವೆಯೂ

ಶ್ರೀಕೃಷ್ಣಜಯಂತಿಯು ಸಮೀಪಿಸಿತೆಂದರೆ ಊರೂರಿನ ಮಠಮಂದಿರಗಳಲ್ಲಿ ಶ್ರೀಮದ್ಭಾಗವತ ದಶಮಸ್ಕಂಧದ ಪ್ರವಚನಗಳು ಆರಂಭವಾಗುತ್ತವೆ. ಆ ಪ್ರವಚನಗಳಲ್ಲಿ ಒಂದಲ್ಲ ಒಂದು ದಿನ ಕೊಳಲಿನ ದೃಷ್ಟಾಂತವು ಬಂದೇ ಬರುತ್ತದೆ. ಬಿದಿರು ಒಳಗೆ ಟೊಳ್ಳಾಗಿರುವುದರಿಂದಲೇ ಭಗವಂತನು ಅದನ್ನು ತುಟಿಗೆ ಒತ್ತಿಕೊಂಡನು. ನಾವೂ ಅಹಂಕಾರವನ್ನು ತೊರೆದು ಟೊಳ್ಳಾದರೆ ಅವನೇ ನಮ್ಮನ್ನು ನುಡಿಸುತ್ತಾನೆ ಎಂಬುದು ಅದರ ಸಾರ. ಕೇಳಲು ಇಂಪಾದ ಮಾತು. ಅಹಂಕಾರವು ಹೋಗಬೇಕೆಂಬಷ್ಟರ ಮಟ್ಟಿಗೆ ನಿರ್ದುಷ್ಟವಾದ ಮಾತೂ ಹೌದು. ಆದರೆ ಇದನ್ನೇ ಆಧಾರವಾಗಿ ಹಿಡಿದು, ‘ನುಡಿಸುವವನು ಅವನಾದ ಮೇಲೆ ನಾವು ಮಾಡತಕ್ಕದ್ದೇನಿದೆ?’ ಎಂದು ಸಂಧ್ಯಾವಂದನೆಯನ್ನೂ ಪಾಠವನ್ನೂ ಬದಿಗಿಟ್ಟು ಕುಳಿತವರನ್ನೂ ನಾವು ಕಾಣುತ್ತೇವೆ. ಆಗ ಮಾತ್ರ ದೃಷ್ಟಾಂತವನ್ನು ಇನ್ನೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ದೃಷ್ಟಾಂತವನ್ನು ಹೇಳುವವನು ಮೊದಲು ಆ ವಸ್ತುವನ್ನು ಅರಿತಿರಬೇಕು. ಟೊಳ್ಳಾಗಿರುವುದೊಂದೇ ಕೊಳಲಿನ ಲಕ್ಷಣವಾಗಿದ್ದರೆ ಅಡಿಗೆಯ ಮನೆಯ ಊದುಗೊಳವೆಯೂ ಕೊಳಲಾಗಬೇಕಾಗಿತ್ತು. ಅದು ಕೊಳಲಿಗಿಂತಲೂ ಹೆಚ್ಚು ಟೊಳ್ಳು; ಎರಡು ತುದಿಗಳೂ ತೆರೆದಿರುತ್ತವೆ. ಶತಮಾನಗಳಿಂದ ನಮ್ಮ ತಾಯಂದಿರು ಅದನ್ನು ಊದುತ್ತ ಬಂದಿದ್ದಾರೆ. ಒಲೆಯು ಉರಿದಿದೆಯೇ ಹೊರತು ರಾಗವು ಹುಟ್ಟಿಲ್ಲ. ಈ ಎರಡು ಕೊಳವೆಗಳ ನಡುವಿನ ಭೇದವೇನೆಂಬುದನ್ನು, ಕೊಳಲನ್ನು ಮಾಡುವ ಮತ್ತು ನುಡಿಸುವ ಕ್ರಮದಿಂದಲೇ ತಿಳಿಯೋಣ.

ಶಾಸ್ತ್ರಗಳಲ್ಲಿ ಕೊಳಲು

ಭಾಗವತದ ದಶಮಸ್ಕಂಧದ 21ನೆಯ ಅಧ್ಯಾಯವು ವೇಣುಗೀತವೆಂದು ಪ್ರಸಿದ್ಧವಾಗಿದೆ. ಶರದೃತುವಿನಲ್ಲಿ ಗೋವುಗಳೊಡನೆ ಬೃಂದಾವನವನ್ನು ಪ್ರವೇಶಿಸಿದ ಶ್ರೀಕೃಷ್ಣನ ಕೊಳಲಿನ ಧ್ವನಿಯನ್ನು ಕೇಳಿ ಗೋಪಿಯರು ತಮ್ಮ ತಮ್ಮಲ್ಲಿ ಆಡಿಕೊಂಡ ಮಾತುಗಳೇ ಅಲ್ಲಿನ ವಿಷಯ. ಅವರಲ್ಲಿ ಒಬ್ಬಳು ಕೊಳಲಿನ ಭಾಗ್ಯವನ್ನು ಕಂಡು ಬೆರಗಾಗುತ್ತಾಳೆ. ಅವಳ ಪ್ರಶ್ನೆಯು ಕೊಳಲು ಎಷ್ಟು ಟೊಳ್ಳಾಗಿತ್ತೆಂಬುದಲ್ಲ. ಅದು ಎಂತಹ ಸತ್ಕರ್ಮವನ್ನು ಆಚರಿಸಿರಬಹುದೆಂಬುದು. ಅದೇ ಪ್ರಸಂಗದಲ್ಲಿ, ಕುಲದಲ್ಲಿ ಸತ್ಪುರುಷನು ಹುಟ್ಟಿದಾಗ ಹಿರಿಯರು ಕಣ್ಣೀರು ಸುರಿಸುವಂತೆ ಮರಗಳು ಆನಂದಬಾಷ್ಪವನ್ನು ಸುರಿಸಿದವೆಂಬ ವರ್ಣನೆಯೂ ಬರುತ್ತದೆ. ಬಿದಿರಿನ ಬಂಧುಗಳಿಗೆ ಅದರ ಸಾಧನೆಯ ಹೆಮ್ಮೆ! ವಾಚಕರು ಈ ಅಂಶವನ್ನು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಶ್ರೀಮದಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣನ ಕೈಗಳಲ್ಲಿರುವುದು ಕಡೆಗೋಲು ಮತ್ತು ಹಗ್ಗ. ಕೊಳಲನ್ನು ಹಿಡಿದ ವೇಣುಗೋಪಾಲನಾದರೋ ಕನ್ನಡನಾಡಿನ ಅನೇಕ ಗುಡಿಗಳಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ ನಿರ್ಮಿತವಾದ ಸೋಮನಾಥಪುರದ ದೇಗುಲದ ಮೂರು ಗರ್ಭಗೃಹಗಳಲ್ಲಿ ಒಂದು ವೇಣುಗೋಪಾಲನದೇ ಆಗಿದೆ.

ಇನ್ನು ಸಂಗೀತಶಾಸ್ತ್ರ. ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ಕೊಳಲನ್ನು ಸುಷಿರದಲ್ಲಿ ಸೇರಿಸಿದೆ. ರಂಧ್ರವನ್ನು ಪೂರ್ತಿ ತೆರೆದರೆ 4 ಶ್ರುತಿಗಳ ಸ್ವರ, ಬೆರಳನ್ನು ಕಂಪಿಸಿದರೆ 3 ಶ್ರುತಿಗಳದು, ಅರ್ಧ ತೆರೆದರೆ 2 ಶ್ರುತಿಗಳದು ಎಂಬ ಸೂಕ್ಷ್ಮವನ್ನೂ ಅದು ತಿಳಿಸುತ್ತದೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ, ಊದುವ ರಂಧ್ರಕ್ಕೂ ಅದರ ಸಮೀಪದ ಸ್ವರರಂಧ್ರಕ್ಕೂ ಇರುವ ಅಂತರವನ್ನು ಅಂಗುಲಗಳಲ್ಲಿ ಎಣಿಸಿ ಕೊಳಲುಗಳಿಗೆ ಹೆಸರಿಟ್ಟಿದ್ದಾನೆ. 6 ಅಂಗುಲದ್ದು ಷಣ್ಮುಖ, 7 ಅಂಗುಲದ್ದು ಮುನಿ, 8 ಅಂಗುಲದ್ದು ವಸು, 11 ಅಂಗುಲದ್ದು ರುದ್ರ, 12 ಅಂಗುಲದ್ದು ಆದಿತ್ಯ. ಅಳತೆಯು ಬೇರೆಯಾದರೆ ಕೊಳಲೇ ಬೇರೆ, ಅದರ ಹೆಸರೂ ಬೇರೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಬಿದಿರನ್ನು ಆರಿಸುವ ಕ್ರಮ

ಎಲ್ಲ ಬಿದಿರೂ ಕೊಳಲಿಗೆ ಒದಗುವುದಿಲ್ಲ. ನಮ್ಮ ಕಾಡುಗಳ ಮುಳ್ಳಿನ ಹೆಬ್ಬಿದಿರು ಏಣಿ, ತಟ್ಟಿ, ಚಪ್ಪರಗಳಿಗೆ ಉತ್ತಮವಾದುದು; ಕೊಳಲಿಗೆ ಅದರ ಗೋಡೆಯು ಬಹಳ ದಪ್ಪ. ಮಲೆನಾಡಿನವರು ವಾಟೆಯೆಂದು ಕರೆಯುವ ತೆಳು ಜಾತಿಯಲ್ಲಿ ಗೋಡೆಯು ತೆಳುವಾಗಿಯೂ, ಎರಡು ಗಿಣ್ಣುಗಳ ನಡುವಿನ ಭಾಗವು ಉದ್ದವಾಗಿಯೂ ಇರುತ್ತದೆ. ಕೊಳಲಿಗೆ ಬೇಕಾದುದು ಇಂತಹುದೇ. ಅಭ್ಯಾಸದ ಕೊಳಲಿಗೆ ಒಳವ್ಯಾಸವು ಸುಮಾರು ಒಂದೂವರೆ ಸೆಂಟಿಮೀಟರು, ಗೋಡೆಯ ದಪ್ಪವು 2ರಿಂದ 3 ಮಿಲಿಮೀಟರು, ಉದ್ದವು 35ರಿಂದ 40 ಸೆಂಟಿಮೀಟರು ಇದ್ದರೆ ಸಾಕು.

ಎಳೆಯ ಬಿದಿರನ್ನು ಕಡಿಯಬಾರದು. ಅದು ಒಣಗುವಾಗ ಸುಕ್ಕುಗಟ್ಟುತ್ತದೆ. ಮೂರು ವರ್ಷಗಳಾದರೂ ಬಲಿತ ಗಳುವನ್ನು, ಮಳೆಗಾಲವು ಕಳೆದು ತೇವವು ಇಳಿದ ಮೇಲೆ ಕಡಿಯಬೇಕು. ಬಿದಿರಿನಲ್ಲಿ ಪಿಷ್ಟವು ಹೆಚ್ಚಾಗಿ ಉಳಿದಿದ್ದರೆ ಹುಳುವು ಬಂದು ಕೊರೆದು ಹಿಟ್ಟುಮಾಡಿಬಿಡುತ್ತದೆ. ಕಡಿದ ಗಳುವನ್ನು ಬಿಸಿಲಿಗೆ ಹಾಕಿದರೆ ಸೀಳುತ್ತದೆ. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಹೆಬ್ಬಿದಿರಿನ ಮೆಳೆಯು ಸುಮಾರು 40ರಿಂದ 48 ವರ್ಷಗಳಿಗೊಮ್ಮೆ ಹೂಬಿಟ್ಟು, ಬಿದಿರಕ್ಕಿಯನ್ನು ಕೊಟ್ಟು ಒಟ್ಟಿಗೇ ಒಣಗಿ ಸಾಯುವುದನ್ನು ಹಿರಿಯರು ಕಂಡಿದ್ದಾರೆ. ಮೆಳೆಯಲ್ಲಿಯೇ ಉಳಿದ ಬಿದಿರಿಗೆ ಅಷ್ಟೇ ಆಯುಸ್ಸು. ಕಡಿಸಿಕೊಂಡು, ಒಣಗಿಸಿಕೊಂಡು, ಸುಡಿಸಿಕೊಂಡ ಬಿದಿರಾದರೋ ಜೋಪಾನವಾಗಿಟ್ಟರೆ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ನುಡಿಯುತ್ತಲೇ ಇರುತ್ತದೆ.

ಮಾಡುವ ಕ್ರಮ

ಒಣಗಿದ ಬಿದಿರಿನಲ್ಲಿ ಒಂದು ಗಿಣ್ಣನ್ನು ಉಳಿಸಿಕೊಂಡು ಇನ್ನೊಂದು ತುದಿಯನ್ನು ಗಿಣ್ಣಿಗಿಂತ ಮೊದಲೇ ಕತ್ತರಿಸಬೇಕು. ಹೀಗೆ ಒಂದು ತುದಿ ಮುಚ್ಚಿಯೂ ಇನ್ನೊಂದು ತುದಿ ತೆರೆದೂ ಇರುವ ನಾಳವು ದೊರೆಯುತ್ತದೆ. ಗಿಣ್ಣು ಒಡೆದಿದ್ದರೆ ಬಿರಡೆಯಿಂದ ಮುಚ್ಚಬಹುದು. ಬಳಿಕ ಕಡ್ಡಿಗೆ ಉಪ್ಪುಕಾಗದವನ್ನು ಸುತ್ತಿ ಒಳಗಿನ ತೆಳು ಪೊರೆಯನ್ನು ಕೆರೆದು ತೆಗೆಯಬೇಕು. ಪೊರೆ ಉಳಿದಿದ್ದರೆ ನಾದವು ಮಂಕಾಗುತ್ತದೆ. ಆದರೆ ಪೊರೆಯನ್ನು ಮಾತ್ರ ಕೆರೆಯಬೇಕು. ಗೋಡೆಯನ್ನು ಕೆರೆದರೆ ಕೊಳಲೇ ಕೆಡುತ್ತದೆ.

ಮುಚ್ಚಿದ ತುದಿಯಿಂದ ಸುಮಾರು ಒಳವ್ಯಾಸದಷ್ಟು ದೂರದಲ್ಲಿ ಊದುವ ರಂಧ್ರವನ್ನು ಮಾಡಬೇಕು. ಬಿದಿರಿನ ನಾರುಗಳು ಉದ್ದುದ್ದವಾಗಿ ಇರುವುದರಿಂದ ಉಳಿಯಿಂದ ಹೊಡೆದರೆ ಸೀಳುವ ಭಯವಿದೆ. ಆದುದರಿಂದ ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಸುಟ್ಟು ರಂಧ್ರವನ್ನು ತೆರೆಯುವುದು ವಾಡಿಕೆ. ಆ ರಂಧ್ರದ ಆಚೆಯ ಅಂಚು ನಯವಾಗಿಯೂ ಚೂಪಾಗಿಯೂ ಇರಬೇಕು. ಕೊಳಲಿನ ಜೀವಾಳವೇ ಈ ಅಂಚು.

ಅನಂತರ ಸ್ವರರಂಧ್ರಗಳು. ಕರ್ನಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರವಲ್ಲದೆ 8 ರಂಧ್ರಗಳಿರುತ್ತವೆ. ಇವನ್ನು ಮೊದಲು ಬೇಕಾದುದಕ್ಕಿಂತ ಚಿಕ್ಕದಾಗಿ ಸುಟ್ಟು, ತೆರೆದ ತುದಿಯ ಕಡೆಯಿಂದ ಆರಂಭಿಸಿ, ತಂಬೂರಿಯ ಶ್ರುತಿಗೆ ಹೋಲಿಸುತ್ತ ಒಂದೊಂದನ್ನಾಗಿ ಅರದಿಂದ ಉಜ್ಜಿ ಹಿಗ್ಗಿಸಬೇಕು. ರಂಧ್ರವು ಹಿಗ್ಗಿದಷ್ಟೂ ಸ್ವರವು ಏರುತ್ತದೆ. ನಾಳವು ಗಿಡ್ಡವಾದಷ್ಟೂ ಹಾಗೆಯೇ. ಸ್ವರವನ್ನು ಏರಿಸುವುದು ಸುಲಭ. ಏರಿಹೋದುದನ್ನು ಇಳಿಸುವುದು ಕಷ್ಟ. ಆದುದರಿಂದ ಕುಶಲನಾದ ಶಿಲ್ಪಿಯು ಯಾವಾಗಲೂ ಸ್ವಲ್ಪ ಕೆಳಗಿನಿಂದ ಆರಂಭಿಸಿ ತಾಳ್ಮೆಯಿಂದ ಮೇಲೇರುತ್ತಾನೆ. ಕೊನೆಯಲ್ಲಿ ಎರಡು ತುದಿಗಳಿಗೂ ನೂಲಿನ ಬಿಗಿಯಾದ ಕಟ್ಟನ್ನು ಹಾಕಿ, ಎಣ್ಣೆಯನ್ನು ತೆಳುವಾಗಿ ಸವರಬೇಕು. ಇದರಿಂದ ಬಿದಿರು ಬಿರುಕುಬಿಡುವ ಭಯವು ಕಡಮೆಯಾಗುತ್ತದೆ.

ನಾದವು ಹುಟ್ಟುವ ಬಗೆ

ಊದುಗೊಳವೆಯಲ್ಲಿ ಬಾಯಿಂದ ಹೊರಟ ಗಾಳಿಯು ನೇರವಾಗಿ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಕೊಳಲಿನಲ್ಲಿ ಹಾಗಲ್ಲ. ಅಲ್ಲಿ ನಾವು ಗಾಳಿಯನ್ನು ಒಳಗೆ ತುಂಬುವುದಿಲ್ಲ. ರಂಧ್ರದ ಮೇಲೆ ಅಡ್ಡವಾಗಿ ಹಾಯಿಸುತ್ತೇವೆ. ತೆಳುವಾದ ಆ ಗಾಳಿಯ ಪಟ್ಟಿಯು ಆಚೆಯ ಅಂಚಿಗೆ ತಾಗಿ ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ಹೊರಳುತ್ತ ನಾಳದೊಳಗೆ ಮೊದಲೇ ಇದ್ದ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಆ ಕಂಪನವೇ ನಾದ. ಅದು ಸೆಕೆಂಡಿಗೆ ಎಷ್ಟು ಸಲ ನಡೆಯಬೇಕೆಂಬುದನ್ನು ಬಹುಮಟ್ಟಿಗೆ ನಾಳದ ಉದ್ದವು ನಿರ್ಣಯಿಸುತ್ತದೆ. ನಮ್ಮ ಹವೆಯಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 345 ಮೀಟರು. ಊದುವ ರಂಧ್ರದಿಂದ ಗಾಳಿಯು ಹೊರಬೀಳುವ ಸ್ಥಾನದವರೆಗೆ 30 ಸೆಂಟಿಮೀಟರು ಇದ್ದರೆ, ಹೋಗಿ ಬರುವ 60 ಸೆಂಟಿಮೀಟರಿನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 575 ಕಂಪನಗಳಾಗುತ್ತವೆ. ತುದಿಗಳ ಹೊರಗಿನ ಗಾಳಿಯೂ ಸ್ವಲ್ಪ ಅಲುಗುವುದರಿಂದ ವಾಸ್ತವವಾಗಿ ಇದಕ್ಕಿಂತ ಕೊಂಚ ಕಡಮೆ. ಬೆರಳನ್ನು ಎತ್ತಿ ರಂಧ್ರವನ್ನು ತೆರೆದಾಗ ನಾಳವು ಅಲ್ಲಿಗೇ ಮುಗಿದಂತಾಗಿ ಸ್ವರವು ಏರುತ್ತದೆ. ಅದೇ ಬೆರಳುಗಳಲ್ಲಿ ಉಸಿರಿನ ವೇಗವನ್ನು ಹೆಚ್ಚಿಸಿದರೆ ಕಂಪನವು ಇಮ್ಮಡಿಯಾಗಿ ಮೇಲಿನ ಸ್ಥಾಯಿಯು ನುಡಿಯುತ್ತದೆ.

ಹಾಗಾದರೆ ಭೇದವು ಎಲ್ಲಿ? ಟೊಳ್ಳು ಎರಡಕ್ಕೂ ಸಮಾನವಾದುದು. ಕೊಳಲಿನಲ್ಲಿ ವಿಶೇಷವಾಗಿರುವುದು ಮುಚ್ಚಿದ ಗಿಣ್ಣು, ಚೂಪಾದ ಅಂಚು, ಗಟ್ಟಿಯಾದ ಗೋಡೆ, ಅಳೆದು ತೆರೆದ ರಂಧ್ರಗಳು. ಟೊಳ್ಳು ಗಾಳಿಗೆ ದಾರಿಯನ್ನು ಕೊಡಬಲ್ಲುದು. ಸ್ವರವನ್ನು ಕೊಡಬೇಕಾದರೆ ಕೊಳಲಿನಲ್ಲಿ ಈ ಯೋಗ್ಯತೆಗಳೆಲ್ಲವೂ ಇರಬೇಕು.

ಅಭ್ಯಾಸಕ್ರಮ

ಕಲಿಯುವ ಬಾಲಕಬಾಲಿಕೆಯರು ಮೊದಲಿಗೆ ಬೆರಳುಗಳ ಗೋಜಿಗೆ ಹೋಗಬಾರದು. ಕೊಳಲನ್ನು ಬಲಗಡೆಗೆ ಅಡ್ಡವಾಗಿ ಹಿಡಿದು, ಊದುವ ರಂಧ್ರದ ಈಚೆಯ ಅಂಚನ್ನು ಕೆಳದುಟಿಯ ಕೆಳಗೆ ಒತ್ತಿ, ತುಟಿಗಳನ್ನು ಚಪ್ಪಟೆಯಾಗಿಸಿ ಸಣ್ಣ ಸೀಳಿನಿಂದ ಗಾಳಿಯನ್ನು ಬಿಡಬೇಕು. ನಾದವು ಬಾರದಿದ್ದರೆ ಬಲವಾಗಿ ಊದುವುದು ಪರಿಹಾರವಲ್ಲ. ಕೊಳಲನ್ನು ಕೂದಲೆಳೆಯಷ್ಟು ಒಳಕ್ಕೋ ಹೊರಕ್ಕೋ ತಿರುಗಿಸಿ ನೋಡಬೇಕು. ತಲೆಸುತ್ತಿದರೆ ನಿಲ್ಲಿಸಿ ವಿಶ್ರಮಿಸಬೇಕು. ಒಂದೇ ಸ್ವರವು ಅಲುಗದೆ ನಿಲ್ಲುವವರೆಗೆ, ಅದು ಎಷ್ಟು ದಿನಗಳಾದರೂ ಸರಿ, ಇದೊಂದೇ ಪಾಠ.

ಬಳಿಕ ಎಡಗೈಯ ತೋರು, ನಡು, ಉಂಗುರದ ಬೆರಳುಗಳನ್ನೂ, ಬಲಗೈಯ ತೋರುಬೆರಳಿನಿಂದ ಕಿರುಬೆರಳಿನವರೆಗಿನ ನಾಲ್ಕನ್ನೂ ಕ್ರಮವಾಗಿ 7 ರಂಧ್ರಗಳ ಮೇಲಿಡಬೇಕು. ತುದಿಯ 8ನೆಯ ರಂಧ್ರವು ತೆರೆದೇ ಇರುತ್ತದೆ. ಊದುವ ಕಡೆಯಿಂದ ಮೊದಲ 2 ರಂಧ್ರಗಳನ್ನು ಮುಚ್ಚಿ ಊದಿದಾಗ ಬರುವುದು ಷಡ್ಜ. ಎರಡನೆಯದನ್ನು ತೆರೆದರೆ ಚತುಃಶ್ರುತಿ ಋಷಭ. ಶ್ರೀ ಪುರಂದರದಾಸರು ಆರಂಭದ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ರೂಪಿಸಿದರೆಂಬುದು ಸಂಪ್ರದಾಯ. ಆ ರಾಗದ ಶುದ್ಧ ಋಷಭಕ್ಕೆ ಕೊಳಲಿನಲ್ಲಿ ರಂಧ್ರವನ್ನು ಅರ್ಧ ಮುಚ್ಚಬೇಕಾಗುತ್ತದೆ. ಭರತಮುನಿಯು ಹೇಳಿದ ಅರ್ಧ ತೆರೆದ ಬೆರಳಿನ ವಿದ್ಯೆಯು ಹೀಗೆ ಮೊದಲ ಪಾಠದಲ್ಲಿಯೇ ವಿದ್ಯಾರ್ಥಿಗೆ ಎದುರಾಗುತ್ತದೆ. ಯಾವ ಅಳತೆಯ ಪಟ್ಟಿಯೂ ಈ ಅರ್ಧವನ್ನು ತೋರಿಸಿಕೊಡಲಾರದು. ಕಿವಿಯೇ ಗುರು.

ಚಳಿಯ ಬೆಳಗಿನಲ್ಲಿ ಕೊಳಲಿನ ಶ್ರುತಿಯು ಕೊಂಚ ಇಳಿದಿದ್ದು, ಉಸಿರಿನಿಂದ ಬೆಚ್ಚಗಾದಂತೆ ಏರುತ್ತದೆಂಬುದನ್ನೂ ಅಭ್ಯಾಸಿಗಳು ಗಮನಿಸಬೇಕು.

ಈ ವಿದ್ಯೆಯಲ್ಲಿ ಸಾಧನೆಯ ಬಲವೆಷ್ಟೆಂಬುದಕ್ಕೆ ಕುಂಭಕೋಣದ ಶರಭಶಾಸ್ತ್ರಿಗಳು (1872–1904) ಸಾಕ್ಷಿಯಾಗಿದ್ದಾರೆ. ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರು, ಬದುಕಿದ್ದ ಅಲ್ಪಕಾಲದಲ್ಲಿಯೇ ಕೊಳಲಿಗೆ ಕರ್ನಾಟಕ ಸಂಗೀತದ ಕಚೇರಿಯಲ್ಲಿ ಸ್ಥಾನವನ್ನು ದೊರಕಿಸಿದರು. ಅವರ ಶಿಷ್ಯರಾದ ಪಲ್ಲಡಂ ಸಂಜೀವರಾಯರು (1882–1962) ಆ ಪರಂಪರೆಯನ್ನು ಬೆಳೆಸಿದರು. ‘ಮಾಲಿ’ ಎಂದೇ ಖ್ಯಾತರಾದ ಟಿ. ಆರ್. ಮಹಾಲಿಂಗಂ (1926–1986) ಬೆರಳುಗಳ ಹೊಸ ವಿನ್ಯಾಸದಿಂದ ಕಂಠದ ಗಮಕಗಳನ್ನೇ ಕೊಳಲಿನಲ್ಲಿ ತಂದರು. ಹಿಂದೂಸ್ಥಾನಿ ಪದ್ಧತಿಯಲ್ಲಿ, 1960ರಲ್ಲಿ ನಿಧನರಾದ ಪನ್ನಾಲಾಲ್ ಘೋಷರು ಸುಮಾರು 32 ಅಂಗುಲಗಳ ನೀಳವಾದ ಬಾನ್ಸುರಿಯನ್ನು ರೂಢಿಗೆ ತಂದು, ಜನಪದರ ವಾದ್ಯವನ್ನು ಗಂಭೀರವಾದ ರಾಗವಿಸ್ತಾರಕ್ಕೆ ಅನುಗೊಳಿಸಿದರು. ದನಗಾಹಿಗಳ ಕೈಯಲ್ಲಿದ್ದುದೂ ಇವರ ಕೈಗೆ ಬಂದುದೂ ಅದೇ ಬಿದಿರು.

ತತ್ತ್ವವಿಚಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು. ಉಳಿದುದೆಲ್ಲವೂ ಅವನ ಅಧೀನ. ಕೊಳಲು ತಾನಾಗಿ ನುಡಿಯಲಾರದೆಂಬುದು ಈ ಅಂಶಕ್ಕೆ ಸರಿಯಾಗಿ ಹೊಂದುತ್ತದೆ. ಉಸಿರಿಲ್ಲದ ಕೊಳಲು ಬಿದಿರಿನ ತುಂಡು. ಆ ಉಸಿರೂ ನಮ್ಮದಲ್ಲ. ಪ್ರತಿಯೊಂದು ಜೀವನಲ್ಲಿಯೂ ನೆಲೆಸಿರುವ ಮುಖ್ಯಪ್ರಾಣದೇವರು ದಿನವೊಂದಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸಿ ಹರಿಗೆ ಅರ್ಪಿಸುತ್ತಾರೆಂಬುದು ನಮ್ಮ ಹಿರಿಯರ ಉಪದೇಶ. ನಿಮಿಷಕ್ಕೆ 15 ಉಸಿರುಗಳ ಲೆಕ್ಕವಿದು. ಕೊಳಲನ್ನು ಊದುವವನು ಈ ಅನುಸಂಧಾನವನ್ನು ಬಿಡದಿದ್ದರೆ ಅವನ ಅಭ್ಯಾಸವೇ ಉಪಾಸನೆಯಾಗುತ್ತದೆ.

ಎರಡನೆಯದಾಗಿ, ಎಲ್ಲ ಕೊಳಲುಗಳೂ ಒಂದೇ ಅಲ್ಲ. ಷಣ್ಮುಖವು ಆದಿತ್ಯವಾಗುವುದಿಲ್ಲ. ಒಬ್ಬನೇ ವಾದಕನು ಎರಡನ್ನೂ ನುಡಿಸಿದರೂ ಆಯಾ ಕೊಳಲಿನ ಅಳತೆಗೆ ತಕ್ಕ ಶ್ರುತಿಯೇ ಬರುತ್ತದೆ. ಇದರಿಂದ ವಾದಕನಿಗೆ ಪಕ್ಷಪಾತವಿದೆಯೆಂದು ಯಾರೂ ಹೇಳುವುದಿಲ್ಲ. ಜೀವರ ಸ್ವರೂಪಯೋಗ್ಯತೆಯಲ್ಲಿ ತಾರತಮ್ಯವಿದ್ದು, ಪ್ರತಿಯೊಬ್ಬನ ಯೋಗ್ಯತೆಯನ್ನೂ ಅನಾದಿಕರ್ಮವನ್ನೂ ಪ್ರಯತ್ನವನ್ನೂ ಅನುಸರಿಸಿಯೇ ಭಗವಂತನು ಫಲವನ್ನು ಕೊಡುತ್ತಾನೆಂಬ ತತ್ತ್ವವು ಇದರಿಂದ ಬಾಲಕರಿಗೂ ತಿಳಿಯುತ್ತದೆ.

ಮೂರನೆಯದು ಮುಖ್ಯವಾದುದು. ಜೀವನು ಟೊಳ್ಳಾಗಬೇಕೆಂದರೆ ಏನರ್ಥ? ಜೀವನು ತನ್ನ ಯೋಗ್ಯತೆಗೆ ತಕ್ಕಷ್ಟು ಜ್ಞಾನಾನಂದಸ್ವರೂಪನು. ಅವನ ಸ್ವರೂಪವು ಶೂನ್ಯವಲ್ಲ, ಶೂನ್ಯವಾಗತಕ್ಕದ್ದೂ ಅಲ್ಲ. ಹೋಗಬೇಕಾದುದು ‘ನಾನೇ ಸ್ವತಂತ್ರನು’ ಎಂಬ ಅಭಿಮಾನ. ಶಿಲ್ಪಿಯು ಪೊರೆಯನ್ನು ಕೆರೆದು ಗೋಡೆಯನ್ನು ಉಳಿಸುವಂತೆ ಸಾಧಕನೂ ಅಭಿಮಾನವನ್ನು ಕಳೆದು ಕರ್ತವ್ಯವನ್ನು ಉಳಿಸಿಕೊಳ್ಳಬೇಕು. ಸ್ನಾನ, ಸಂಧ್ಯೆ, ಅಧ್ಯಯನ, ಪರೋಪಕಾರಗಳನ್ನೂ ಕೆರೆದುಹಾಕಿ ‘ನಾನು ಟೊಳ್ಳಾದೆನು’ ಎನ್ನುವವನು ಊದುಗೊಳವೆಯಾದಾನೇ ಹೊರತು ಕೊಳಲಾಗಲಾರನು.

ನಾಲ್ಕನೆಯದಾಗಿ, ದೃಷ್ಟಾಂತಕ್ಕೆ ಒಂದು ಎಲ್ಲೆಯಿದೆ. ಬಿದಿರು ಜಡ, ಅದು ತನ್ನನ್ನು ತಾನೇ ತಿದ್ದಿಕೊಳ್ಳಲಾರದು. ಜೀವನು ಚೇತನ, ಅವನಿಗೆ ಇಚ್ಛೆಯೂ ಪ್ರಯತ್ನವೂ ಉಂಟು. ಈ ಎಲ್ಲೆಯನ್ನು ದಾಟದಂತೆ ಬ್ರಹ್ಮಸೂತ್ರಗಳ 2ನೆಯ ಅಧ್ಯಾಯದ 3ನೆಯ ಪಾದವು ಇನ್ನೊಂದು ದೃಷ್ಟಾಂತವನ್ನು ಕೊಟ್ಟಿದೆ. ಅದು ಬಡಗಿಯದು. ಮಾಡಿಸುವವನ ಅಧೀನನಾಗಿದ್ದರೂ ಬಡಗಿಯು ತಾನು ಮಾಡುವವನೂ ಹೌದು. ಜೀವನ ಕರ್ತೃತ್ವವೂ ಹಾಗೆಯೇ ಎಂದು ಶ್ರೀಮದಾಚಾರ್ಯರ ಭಾಷ್ಯದ ತಾತ್ಪರ್ಯ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾಗುತ್ತಿತ್ತು. ಆದುದರಿಂದ ನಮ್ಮನ್ನು ಕೊಳಲಿಗೆ ಹೋಲಿಸಿಕೊಳ್ಳುವಾಗಲೆಲ್ಲ, ಕೊಳಲನ್ನು ಕೆತ್ತುವ ಶಿಲ್ಪಿಗೂ ಹೋಲಿಸಿಕೊಳ್ಳಬೇಕು. ಗೋಪಿಯು ಬೆರಗಾಗಿ ಕೇಳಿದುದು ಕೊಳಲಿನ ಸತ್ಕರ್ಮವನ್ನು ಎಂಬುದರ ಮರ್ಮವು ಈಗ ಸ್ಪಷ್ಟವಾದೀತು.

ವಿಜ್ಞಾಪನೆ

ಜಯಂತಿಯ ದಿನ ಮಕ್ಕಳಿಗೆ ಕೃಷ್ಣನ ವೇಷವನ್ನು ಹಾಕಿ ಕೈಗೆ ಕೊಳಲನ್ನು ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಆ ಕೊಳಲು ನುಡಿಯುವಂತಹುದಾಗಲಿ ಎಂದು ನಾವು ವಿನಂತಿಸುತ್ತೇವೆ. ಜಾತ್ರೆಯಲ್ಲಿ ದೊರೆಯುವ ಹಲವು ಕೊಳಲುಗಳಲ್ಲಿ ಅಂದಕ್ಕಾಗಿ ರಂಧ್ರಗಳನ್ನು ಸಮದೂರದಲ್ಲಿ ಇಟ್ಟಿರುತ್ತಾರೆ. ಅವುಗಳಲ್ಲಿ ಸ್ವರವು ಸೇರದು. ಮಗುವು ನಾಲ್ಕು ದಿನ ಊದಿ, ತನಗೆ ಸಂಗೀತವು ಬಾರದೆಂದು ಬಿಟ್ಟುಬಿಡುತ್ತದೆ. ತಪ್ಪು ಬಿದಿರಿನದು, ನಿರಾಶೆ ಮಗುವಿನದು. ಕೊಳ್ಳುವಾಗ ಉದ್ದಕ್ಕೆ ಬಿರುಕಿದೆಯೇ, ಊದುವ ರಂಧ್ರದ ಅಂಚು ಶುಚಿಯಾಗಿದೆಯೇ, ಬಾಯಿಗೆ ತಾಗುವೆಡೆ ಬಣ್ಣವನ್ನು ಬಳಿದಿದ್ದಾರೆಯೇ ಎಂದು ನೋಡಬೇಕು. ಮೊದಲ 2 ರಂಧ್ರಗಳನ್ನು ಮುಚ್ಚಿ ಕೆಳಗಿನ ಷಡ್ಜವನ್ನೂ, ಉಸಿರನ್ನು ಹೆಚ್ಚಿಸಿ ಮೇಲಿನ ಷಡ್ಜವನ್ನೂ ಬಲ್ಲವರಿಂದ ಊದಿಸಿ, ಎರಡೂ ಸೇರುತ್ತವೆಯೇ ಎಂದು ಕೇಳಬೇಕು. ಮಗುವಿನ ಬೆರಳುಗಳು ರಂಧ್ರಗಳನ್ನು ಮುಟ್ಟುವಂತಹ ಚಿಕ್ಕ ಕೊಳಲನ್ನೇ ಆರಿಸಬೇಕು.

ವೇಷವು ಒಂದು ದಿನದ್ದು. ಮರುದಿನದ ಮೊಸರುಕುಡಿಕೆಯೊಂದಿಗೆ ಮುಗಿಯುತ್ತದೆ. ಕೊಳಲು ಮಾತ್ರ ಮನೆಯಲ್ಲಿ ಉಳಿಯಲಿ. ದಿನವೂ ದೀಪ ಹಚ್ಚಿದ ಮೇಲೆ ಕಾಲು ಗಂಟೆಯಾದರೂ ಮಗುವು ದೇವರ ಮುಂದೆ ಕುಳಿತು ಷಡ್ಜವನ್ನು ನಿಲ್ಲಿಸಲು ಪ್ರಯತ್ನಿಸಲಿ. ಆ ಪ್ರಯತ್ನವು ತನ್ನದು, ಉಸಿರು ಪ್ರಾಣದೇವರದು, ನಾದವು ಹರಿಯದು ಎಂಬ ಮೂರು ಮಾತುಗಳನ್ನು ಹಿರಿಯರು ಮೆಲ್ಲನೆ ಹೇಳಿಕೊಡಲಿ. ಪ್ರವಚನಮಂದಿರದಲ್ಲಿ ಕೇಳಿದ ಸಿದ್ಧಾಂತವು ಹೀಗೆ ಮನೆಯ ಮಗುವಿನ ಬೆರಳತುದಿಯಲ್ಲಿಯೂ ನೆಲೆಗೊಳ್ಳಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥